ಚಂದ್ರನ ಮೊಲ, ಮನೆಯ ಮೊಲ



ಹೋದ ಭಾನುವಾರ ಬೆಳಿಗ್ಗೆ ನಮ್ಮ ಹಿಂದಿನ ರಸ್ತೆಯ ಹುಡುಗಿ ಗೇಟಿನ ಹತ್ತಿರ ಬಂದು ನಿಂತಳು. ಐದನೇ ಕ್ಲಾಸಿನ ಹುಡುಗಿ. "ಆಂಟಿ, ಮೊಲ ಒಂದು ತರೋದಾ, ಎರಡು ತರೋದಾ? ಅಮ್ಮ ಒಂದೇ ಸಾಕು ಅಂತಾರೆ. ಅಂಗಡಿಯವರು ಜೋಡೀನೇ ತಗೊಳ್ಳಿ ಅಂತಾರೆ. ಅಪ್ಪ ನಿಮ್ಮನ್ನ ಕೇಳ್ಕೊಂಡು ಬಾ ಅಂದ್ರು" ಎಂದಳು.

ಬಸವೇಶ್ವರನಗರದ ನಮ್ಮ ಮನೆಯಲ್ಲಿ ಎಂಟು ವರ್ಷಗಳಿಂದ ಮೊಲಗಳಿವೆ. ಹಾಗಾಗಿ ಈ ಪ್ರಶ್ನೆ ನನಗೆ ಹೊಸದಲ್ಲ. ರಾಜಾಜಿನಗರದಿಂದ, ವಿಜಯನಗರದಿಂದ ಫೋನ್ ಮಾಡಿ ಕೇಳಿದವರಿದ್ದಾರೆ. ಆದರೆ ಗೇಟಿನ ಹತ್ತಿರ ನಿಂತು ಎರಡು ಮಾತಿನಲ್ಲಿ ಮುಗಿಸುವಂಥ ಉತ್ತರ ಇದಕ್ಕಿಲ್ಲ. "ಮುಂದಿನ ಭಾನುವಾರ ಅಪ್ಪ ಅಮ್ಮನ್ನೂ ಕರ್ಕೊಂಡು ಬಾ, ಕೂತು ಮಾತಾಡೋಣ" ಎಂದು ಕಳಿಸಿದೆ. ಅವರಿಗೆ ಹೇಳಬೇಕೆಂದುಕೊಂಡಿರುವುದನ್ನೇ ಇವತ್ತು ನಿಮಗೂ ಹೇಳುತ್ತೇನೆ.

ಕನ್ನಡದಲ್ಲಿ ನಮಗೆ ಮೊಲ ಅನ್ನುವುದು ಒಂದೇ ಮಾತು. ಆ ಒಂದು ಮಾತಿನೊಳಗೆ ಎರಡು ಬೇರೆ ಬೇರೆ ಪ್ರಾಣಿಗಳಿವೆ. ಒಂದು ನಮ್ಮ ನೆಲದ ಕಾಡುಮೊಲ. ಕುರುಚಲು ಕಾಡು, ರಾಗಿ ಹೊಲದ ಬದು, ಹುಲ್ಲುಗಾವಲು ಅದರ ಜಾಗ. ಅದು ಬಿಲ ತೋಡುವುದಿಲ್ಲ. ಹುಲ್ಲಿನ ನಡುವೆ ಮೈ ಹುದುಗುವಷ್ಟು ತಗ್ಗು ಮಾಡಿಕೊಂಡು ಒಂಟಿಯಾಗಿ ಮಲಗುತ್ತದೆ. ಅದರ ಮರಿ ಹುಟ್ಟುವಾಗಲೇ ಮೈತುಂಬ ಕೂದಲು, ತೆರೆದ ಕಣ್ಣು. ಇನ್ನೊಂದು, ಅಂಗಡಿಯಲ್ಲಿ ಸಿಗುವ ಬಿಳಿ, ಕಂದು, ಕಪ್ಪು ಮೊಲ. ಇದರ ತವರು ಯುರೋಪಿನ ಸ್ಪೇನ್, ಪೋರ್ಚುಗಲ್ ಕಡೆ. ಅಲ್ಲಿ ಇದು ನೆಲದೊಳಗೆ ಸಾಲು ಸಾಲು ಬಿಲ ತೋಡಿ ಗುಂಪಿನಲ್ಲಿ ಸಂಸಾರ ಮಾಡುತ್ತದೆ. ಮರಿ ಹುಟ್ಟುವಾಗ ಬರೀ ಮೈ, ಮುಚ್ಚಿದ ಕಣ್ಣು. ಎರಡರ ವರ್ಣತಂತುಗಳ ಲೆಕ್ಕವೂ ಬೇರೆ: ಕಾಡುಮೊಲಕ್ಕೆ 48, ಮನೆ ಮೊಲಕ್ಕೆ 44. ಎರಡೂ ಕೂಡಿ ಮರಿ ಹಾಕುವುದಿಲ್ಲ.

ನಮ್ಮ ಕಥೆಗಳಲ್ಲಿ ಬರುವುದೆಲ್ಲ ಆ ಮೊದಲನೆಯ ಮೊಲ. ಚಂದ್ರನ ಮೈಮೇಲೆ ಕಾಣುವ ಮೊಲ ಒಂಟಿ. ಪಂಚತಂತ್ರದಲ್ಲಿ ಸಿಂಹಕ್ಕೆ ಬಾವಿ ತೋರಿಸಿದ ಮೊಲ ಒಂಟಿ. ಆಮೆಯ ಜೊತೆ ಓಟಕ್ಕೆ ನಿಂತದ್ದೂ ಒಂಟಿಯೇ. ಹರಿಹರ ಬುಕ್ಕರು ಬೇಟೆಗೆ ಹೋದಾಗ ಮೊಲವೊಂದು ಬೇಟೆನಾಯಿಗಳನ್ನೇ ತಿರುಗಿ ಅಟ್ಟಿಸಿಕೊಂಡು ಬಂತು, ಅದು ಗಂಡುಮೆಟ್ಟಿನ ನೆಲ ಎಂದು ಅಲ್ಲೇ ವಿಜಯನಗರ ಕಟ್ಟಿದರು ಎಂದು ಐತಿಹ್ಯವಿದೆಯಲ್ಲ, ಅಲ್ಲಿಯೂ ಮೊಲ ಒಂದೇ. ನಮ್ಮ ಮಾಗಡಿ ರಸ್ತೆಯ ಪಕ್ಕದ ವಿಜಯನಗರ ಬಡಾವಣೆಗೂ ಅದೇ ಹೆಸರು. ಇಂಥ ಕಥೆಗಳನ್ನು ಕೇಳಿ ಬೆಳೆದ ನಮಗೆ, ಮೂಲೆಯಲ್ಲಿ ಒಂದು ಪಂಜರ, ಪಂಜರದಲ್ಲಿ ಒಂದು ಮೊಲ ಕಂಡರೆ ಏನೋ ಕೊರತೆಯಿದೆ ಅನ್ನಿಸುವುದೇ ಇಲ್ಲ. ನನಗೂ ಅನ್ನಿಸಲಿಲ್ಲ.

ನಮ್ಮ ಮೊದಲ ಮೊಲ ಗುಂಡ. ಬೂದು ಬಣ್ಣ, ಒಂದು ಕಿವಿಯ ತುದಿ ಮಾತ್ರ ಬಿಳಿ. ಆಗ ನಾನು ಕೆಲಸಕ್ಕೆ ಹೋಗುತ್ತಿದ್ದೆ. ಎಂಟೂವರೆಗೆ ಮಗಳ ಸ್ಕೂಲ್ ವ್ಯಾನು, ಒಂಬತ್ತಕ್ಕೆ ನಮ್ಮಿಬ್ಬರ ಸ್ಕೂಟರು. ಆಮೇಲೆ ಸಂಜೆ ಆರರವರೆಗೆ ಅಡುಗೆಮನೆ ಹಿಂದಿನ ಯುಟಿಲಿಟಿಯಲ್ಲಿ ಗುಂಡ ಒಬ್ಬನೇ. ಹುಲ್ಲಿತ್ತು, ನೀರಿತ್ತು, ಗಾಳಿ ಇತ್ತು. ಅವನಿಗೇನು ಕಡಿಮೆ ಎಂದುಕೊಂಡಿದ್ದೆ. ಯುಟಿಲಿಟಿಯ ಮೂಲೆಯಲ್ಲಿ ಒಂದು ಸ್ಟೀಲ್ ಕೊಡ ಇರುತ್ತಿತ್ತು, ಕಾವೇರಿ ನೀರು ಬಂದ ದಿನ ಹಿಡಿದಿಡಲು. ಗುಂಡ ಯಾವಾಗಲೂ ಆ ಕೊಡಕ್ಕೆ ಒತ್ತಿಕೊಂಡೇ ಮಲಗುತ್ತಿದ್ದ. ತಣ್ಣಗಿರುತ್ತದೆ, ಅದಕ್ಕೆ ಎಂದುಕೊಂಡೆವು. ಡಿಸೆಂಬರ್ ಚಳಿಯಲ್ಲೂ ಅಲ್ಲೇ ಮಲಗಿದ. ನೀರಿಗೆಂದು ಕೊಡ ಎತ್ತಿದರೆ ಹಿಂಗಾಲಿನಿಂದ ನೆಲಕ್ಕೆ ಧಪ್ ಎಂದು ಬಡಿಯುತ್ತಿದ್ದ. ಒಂದು ದಿನ ಮಗಳು ಅವನ ಪಕ್ಕ ನೆಲದ ಮೇಲೆ ಮಲಗಿ ನೋಡಿ, "ಅಮ್ಮ, ಕೊಡದೊಳಗೆ ಇನ್ನೊಂದು ಗುಂಡ ಕಾಣುತ್ತೆ" ಎಂದಳು. ಹೊಳೆಯುವ ಸ್ಟೀಲಿನಲ್ಲಿ ಅವನದೇ ನೆರಳು. ಅದರ ಕಿವಿಯ ಜಾಗವನ್ನು ಅವನು ನೆಕ್ಕುತ್ತಿದ್ದ.

ಆ ದೃಶ್ಯ ಇವತ್ತಿಗೂ ನನ್ನ ಕಣ್ಣಮುಂದೆ ಇದೆ. ಆಮೇಲೆ ಓದಿ ತಿಳಿದೆ: ಪ್ರಯೋಗವೊಂದರಲ್ಲಿ ಹೆಣ್ಣು ಮೊಲಗಳ ಮುಂದೆ ತಳ್ಳಿ ತೆರೆಯುವ ಬಾಗಿಲುಗಳನ್ನಿಟ್ಟು, ಆಚೆಗೆ ಒಮ್ಮೆ ಆಹಾರ, ಇನ್ನೊಮ್ಮೆ ಬೇರೊಂದು ಮೊಲವನ್ನು ಇಟ್ಟಿದ್ದರಂತೆ. ಬಾಗಿಲಿನ ಭಾರವನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸುತ್ತ ಹೋದರು. ಆಹಾರಕ್ಕಾಗಿ ಎಷ್ಟು ಭಾರ ತಳ್ಳಿದವೋ ಹೆಚ್ಚುಕಡಿಮೆ ಅಷ್ಟನ್ನೇ ಜೊತೆಗಾಗಿಯೂ ತಳ್ಳಿದವು. 2008ರಲ್ಲಿ ಪ್ರಕಟವಾದ ಅಧ್ಯಯನ ಅದು. ಅದೇ ವರ್ಷದಿಂದ ಸ್ವಿಟ್ಜರ್ಲೆಂಡಿನಲ್ಲಿ ಗಿನಿಪಿಗ್‌ನಂಥ ಗುಂಪುಜೀವಿಯನ್ನು ಒಂಟಿಯಾಗಿ ಸಾಕಬಾರದು ಎಂದು ಕಾನೂನೇ ಇದೆ. ಬ್ರಿಟನ್ನಿನ ಪ್ರಾಣಿದಯಾ ಸಂಸ್ಥೆ ಆರ್‌ಎಸ್‌ಪಿಸಿಎ ಕೂಡ ಮೊಲಕ್ಕೆ ಇನ್ನೊಂದು ಮೊಲದ ಜೊತೆ ಇರಲೇಬೇಕು ಎನ್ನುತ್ತದೆ.

ಹಾಗಾದರೆ ಅಂಗಡಿಯವರು ಹೇಳಿದ್ದೇ ಸರಿಯಲ್ಲವೇ, ಜೋಡಿ ತಂದುಬಿಡೋಣ ಎಂದು ನಿಮಗೆ ಅನ್ನಿಸಬಹುದು. ನಾವೂ ಹಾಗೇ ಮಾಡಿದೆವು. ಗುಂಡನಿಗೊಂದು ಜೊತೆ ಬೇಕೆಂದು ಹೋಗಿ, "ಗಂಡೇ ಕೊಡಿ, ಮರಿಗಿರಿ ಆಗೋದು ಬೇಡ" ಎಂದು ಕೇಳಿ ತಂದೆವು. "ಇದೂ ಗಂಡೇ ಮೇಡಂ" ಎಂದು ಕೊಟ್ಟರು. ಒಂದೂವರೆ ತಿಂಗಳ ಮರಿ. ಆ ವಯಸ್ಸಿನಲ್ಲಿ ಗಂಡು ಹೆಣ್ಣು ಗುರುತಿಸುವುದು ಪಳಗಿದ ಕಣ್ಣಿಗೂ ಕಷ್ಟ. ಬೆಳ್ಳಿ ಎಂದು ಹೆಸರಿಟ್ಟೆವು.

ಐದು ತಿಂಗಳಾಗಿರಬೇಕು, ಒಂದು ಬೆಳಿಗ್ಗೆ ಬೆಳ್ಳಿ ಬಾಯಿತುಂಬ ಒಣಹುಲ್ಲು ಕಚ್ಚಿಕೊಂಡು ಅತ್ತಿಂದಿತ್ತ ಓಡಾಡುತ್ತಿದ್ದಳು. ಬಾಯಿಯ ಎರಡೂ ಕಡೆ ಹುಲ್ಲು ಮೀಸೆಯಂತೆ ಚಾಚಿಕೊಂಡಿತ್ತು. ಮೂಲೆಯ ರಟ್ಟಿನ ಡಬ್ಬಕ್ಕೆ ಹುಲ್ಲು ಒಯ್ದು ಹಾಸುವಳು, ಮತ್ತೆ ಬರುವಳು. ಮಧ್ಯಾಹ್ನ ತನ್ನ ಎದೆಯ ಕೂದಲನ್ನೇ ಹಲ್ಲಿನಿಂದ ಕಿತ್ತು ಕಿತ್ತು ಆ ಹುಲ್ಲಿನ ಮೇಲೆ ಹರಡಿದಳು. ಹತ್ತಿಯ ಹಾಸಿಗೆಯಂತೆ ಆಯಿತು. ಮಾರನೆಯ ದಿನ ಆ ಹಾಸಿಗೆಯೊಳಗೆ ಏನೋ ಮಿಸುಕಾಡಿತು. ಆರು ಮರಿ, ಒಂದೊಂದೂ ನನ್ನ ಹೆಬ್ಬೆರಳಿನಷ್ಟು.

ಮೊಲದ ಗರ್ಭ ಸುಮಾರು 31 ದಿನ. ಮರಿ ಹಾಕಿದ ಕೆಲವೇ ಗಂಟೆಗಳಲ್ಲಿ ಹೆಣ್ಣು ಮತ್ತೆ ಬಸಿರಾಗಬಲ್ಲದು. ಗಂಡಿನ ಜೊತೆ ಸೇರಿದ ಮೇಲೆಯೇ ಹೆಣ್ಣಿನ ಮೈಯಲ್ಲಿ ಅಂಡ ಬಿಡುಗಡೆಯಾಗುವ ಏರ್ಪಾಡು ಇವುಗಳದು, ಆದ್ದರಿಂದ ತಪ್ಪುವ ಮಾತೇ ಇಲ್ಲ. ಇದೊಂದೂ ನನಗೆ ಗೊತ್ತಿರಲಿಲ್ಲ. ಗುಂಡನನ್ನು ಬೇರೆ ಮಾಡುವುದು ಒಂದು ದಿನ ತಡವಾಯಿತು. ಸರಿಯಾಗಿ ತಿಂಗಳಿಗೆ ಇನ್ನೂ ಐದು ಮರಿ. ಆಸ್ಟ್ರೇಲಿಯಾದಲ್ಲಿ 1859ರಲ್ಲಿ ಥಾಮಸ್ ಆಸ್ಟಿನ್ ಎಂಬ ಜಮೀನುದಾರ ಬೇಟೆಯಾಡಲೆಂದು ಇಂಗ್ಲೆಂಡಿನಿಂದ ತರಿಸಿದ ಎರಡು ಡಜನ್ ಮೊಲಗಳನ್ನು ತನ್ನ ಎಸ್ಟೇಟಿನಲ್ಲಿ ಬಿಟ್ಟ. ಅವು ಕೋಟಿಗಟ್ಟಲೆಯಾಗಿ ದೇಶದ ಹುಲ್ಲನ್ನೇ ಮೇಯ್ದು ಮುಗಿಸಿದವು. ಅದನ್ನು ಪುಸ್ತಕದಲ್ಲಿ ಓದುವುದು ಬೇರೆ. ಮೂವತ್ತು ನಲವತ್ತರ ಸೈಟಿನ ಮನೆಯಲ್ಲಿ ಹದಿಮೂರು ಮೊಲಗಳಿಗೆ ಹುಲ್ಲು ಹೊಂದಿಸುವುದು ಬೇರೆ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡಬೇಕು, ಏಕೆಂದರೆ ಇದು ಗೊತ್ತಿಲ್ಲದೆ ಎಷ್ಟೋ ಮರಿಗಳು ಸಾಯುತ್ತವೆ. ತಾಯಿ ಮೊಲ ಮರಿಗಳ ಹತ್ತಿರ ಕೂರುವುದೇ ಇಲ್ಲ. ಬೆಳ್ಳಿ ಮರಿಗಳನ್ನು ಬಿಟ್ಟೇಬಿಟ್ಟಳು ಎಂದು ಹೆದರಿ ನಾನು ಫಿಲ್ಲರ್‌ನಲ್ಲಿ ಹಸುವಿನ ಹಾಲು ತುಂಬಿಕೊಂಡು ಕೂತಿದ್ದೆ. ಡಾಕ್ಟರು ಫೋನಿನಲ್ಲಿ ತಡೆದರು. ತಾಯಿ ದಿನಕ್ಕೊಮ್ಮೆ, ಹೆಚ್ಚಾಗಿ ನಸುಕಿನಲ್ಲಿ, ಮೂರು ನಾಲ್ಕು ನಿಮಿಷ ಹಾಲು ಕೊಟ್ಟು ಹೊರಟುಬಿಡುತ್ತದೆ, ಗೂಡಿನ ಹತ್ತಿರ ಸುಳಿದಾಡಿದರೆ ನರಿಗೆ ದಾರಿ ತೋರಿಸಿದಂತೆ, ಅದಕ್ಕೆ ದೂರ ಇರುತ್ತದೆ ಎಂದರು. ಮರಿಯ ಹೊಟ್ಟೆ ದುಂಡಗಿದ್ದರೆ ಹಾಲು ಸಿಕ್ಕಿದೆ ಎಂದೇ ಅರ್ಥ.

ಹನ್ನೊಂದು ಮರಿಗಳಿಗೆ ಮನೆ ಹುಡುಕಿದ ಆ ಮೂರು ತಿಂಗಳನ್ನು ನಾನು ಮರೆಯಲಾರೆ. ತೆಗೆದುಕೊಂಡವರೆಲ್ಲ ಒಳ್ಳೆಯವರೇ, ಪ್ರೀತಿಯಿಂದಲೇ ಒಯ್ದವರು. ಆದರೂ ಒಂದು ಮನೆಯವರು ಆರು ತಿಂಗಳ ಮೇಲೆ ಸಿಕ್ಕಾಗ, "ತುರಹಳ್ಳಿ ಕಾಡಿಗೆ ಬಿಟ್ಟು ಬಂದ್ವಿ, ಆರಾಮಾಗಿ ಹುಲ್ಲು ತಿಂದ್ಕೊಂಡಿರುತ್ತೆ" ಎಂದು ಸಂತೋಷದಿಂದ ಹೇಳಿದರು. ಅವರಿಗೂ ಮೊಲ ಅಂದರೆ ಕಾಡಿನದೇ. ಬಿಳಿ ಮೈಯ ಆ ಪ್ರಾಣಿ ಕುರುಚಲಿನಲ್ಲಿ ದೀಪದಂತೆ ಎದ್ದು ಕಾಣುತ್ತದೆ. ನಾಯಿಗೋ ಹದ್ದಿಗೋ ಒಂದು ದಿನದ ಕೆಲಸ. ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಗೆ ಬಿಟ್ಟು ಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಹಾಗೆಯೇ ಕಾಡುಮೊಲವನ್ನು ಹಿಡಿದು ತಂದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ವಿರುದ್ಧ. ಕೆಂಗೇರಿಯ ಆಚೆ ಹೊಲದಂಚಿನಲ್ಲಿ ಗಾಯಗೊಂಡ ಕಾಡುಮೊಲ ಸಿಕ್ಕರೆ ಕೆಂಗೇರಿ–ಉತ್ತರಹಳ್ಳಿ ರಸ್ತೆಯಲ್ಲಿರುವ ಪೀಪಲ್ ಫಾರ್ ಅನಿಮಲ್ಸ್‌ನ ವನ್ಯಜೀವಿ ಆಸ್ಪತ್ರೆಗೆ ತಿಳಿಸಿ. ಮನೆಗೆ ಮಾತ್ರ ತರಬೇಡಿ.

ಈಗ ಆ ಹುಡುಗಿಯ ಪ್ರಶ್ನೆಗೆ ಬರುತ್ತೇನೆ. ನನ್ನ ಉತ್ತರ ಎರಡು. ಒಂದು ಗಂಡು, ಒಂದು ಹೆಣ್ಣು, ಎರಡಕ್ಕೂ ಮರಿಯಾಗದಂತೆ ಆಪರೇಷನ್ ಆಗಿರಬೇಕು. ಆಪರೇಷನ್ ಇಲ್ಲದ ಜೋಡಿ ತರುವುದಾದರೆ ಒಂದನ್ನೂ ತರಬೇಡಿ. ಇದರಲ್ಲಿ ನಾನು ಸಡಿಲ ಬಿಡುವುದಿಲ್ಲ. ಎರಡೂ ಗಂಡಾದರೆ ಪ್ರಾಯಕ್ಕೆ ಬಂದಮೇಲೆ ರಕ್ತ ಬರುವಂತೆ ಕಾದಾಡುತ್ತವೆ. ಎರಡೂ ಹೆಣ್ಣಾದರೆ ಜಾಗಕ್ಕಾಗಿ ಜಗಳ. ಒಂದೇ ಹೆಣ್ಣನ್ನು ಸಾಕುತ್ತೇನೆ ಅಂದರೂ ಆಪರೇಷನ್ ತಪ್ಪದು. ನಾಲ್ಕೈದು ವರ್ಷ ದಾಟಿದ ಹೆಣ್ಣು ಮೊಲಗಳಲ್ಲಿ ಗರ್ಭಕೋಶದ ಕ್ಯಾನ್ಸರ್ ತೀರಾ ಸಾಮಾನ್ಯ.

ಗಂಡಿಗೆ ನಾಲ್ಕು ತಿಂಗಳ ಮೇಲೆ, ಹೆಣ್ಣಿಗೆ ಐದಾರು ತಿಂಗಳ ಮೇಲೆ ಮಾಡಿಸಬಹುದು. ಮೊಲಗಳನ್ನು ನೋಡಿ ಅಭ್ಯಾಸವಿರುವ ಡಾಕ್ಟರನ್ನೇ ಹುಡುಕಿ, ಎಷ್ಟು ಮೊಲಗಳಿಗೆ ಮಾಡಿದ್ದೀರಿ ಎಂದು ಸಂಕೋಚವಿಲ್ಲದೆ ಕೇಳಿ. 1958ರಿಂದ ನಡೆಯುತ್ತಿರುವ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿದೆ, ನಮ್ಮ ಕಡೆಯಿಂದ ದೂರವಾದರೂ ಹೋಗಿಬರಬಹುದು. ನಾಯಿ ಬೆಕ್ಕಿಗೆ ಹೇಳುವಂತೆ ಹಿಂದಿನ ರಾತ್ರಿಯಿಂದ ಉಪವಾಸ ಕೆಡವಬೇಡಿ. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ, ಅದರ ಕರುಳು ನಿಲ್ಲದೆ ಓಡುತ್ತಿರಬೇಕು. ಬುಟ್ಟಿಯಲ್ಲೇ ಕೊತ್ತಂಬರಿ, ಹುಲ್ಲು ಕಟ್ಟಿಕೊಂಡು ಹೋಗಿ, ಎಚ್ಚರವಾದ ಕೂಡಲೇ ಮುಂದಿಡಿ. ಅಂದಹಾಗೆ, ಮಕ್ಕಳಿಗೆ ತಂದ ಅಮಾಕ್ಸಿಸಿಲಿನ್ ಸಿರಪ್ಪನ್ನು ಮೊಲದ ಬಾಯಿಗೆ ಹಾಕಿದರೆ ಪ್ರಾಣಕ್ಕೇ ಕುತ್ತು. ನಾಯಿಯ ಉಣ್ಣೆಗೆ ಹಾಕುವ ಫಿಪ್ರೊನಿಲ್ ಸ್ಪ್ರೇ ಕೂಡ ಹಾಗೆಯೇ.

ಆಪರೇಷನ್ ಆದ ತಕ್ಷಣ ಗಂಡನ್ನು ಹೆಣ್ಣಿನ ಜೊತೆ ಬಿಡಬೇಡಿ, ಇನ್ನೂ ಕೆಲವು ವಾರ ಮರಿಯಾಗುವ ಸಾಧ್ಯತೆ ಇರುತ್ತದೆ. ನಾವು ಆರು ವಾರ ಬೇರೆ ಇಟ್ಟೆವು. ಆ ಆರು ವಾರದಲ್ಲಿ ಗುಂಡ ಬೆಳ್ಳಿ ಒಬ್ಬರಿಗೊಬ್ಬರು ಅಪರಿಚಿತರಾಗಿಬಿಟ್ಟಿದ್ದರು. ಮತ್ತೆ ಮೊದಲಿನಿಂದ ಪರಿಚಯ ಮಾಡಿಸಬೇಕಾಯಿತು.

ಮೊಲ ತಾನಿದ್ದ ಜಾಗಕ್ಕೆಲ್ಲ ಗದ್ದದಿಂದ ವಾಸನೆ ಹಚ್ಚಿಟ್ಟಿರುತ್ತದೆ. ಅಲ್ಲಿಗೆ ಇನ್ನೊಂದು ಬಂದರೆ ಕಳ್ಳ ಬಂದಂತೆಯೇ. ಆದ್ದರಿಂದ ಎರಡಕ್ಕೂ ಸಂಬಂಧವಿಲ್ಲದ ಜಾಗ ಬೇಕು. ಮಹಡಿಯ ಮನೆಯ ಅಜ್ಜಿ ತಮ್ಮ ಬಚ್ಚಲುಮನೆ ಬಿಟ್ಟುಕೊಟ್ಟರು. ನೆಲಕ್ಕೆ ಹಳೆಯ ಜಮಖಾನ ಹಾಸಿ, ಮಧ್ಯೆ ಒಂದು ಹಿಡಿ ಗರಿಕೆ ಹಾಕಿ, ಕೈಗೆ ದಪ್ಪ ಟವೆಲ್ ಸುತ್ತಿಕೊಂಡು ಕೂತೆ. ಮೊದಲ ದಿನ ಅಟ್ಟಿಸಿಕೊಂಡು ಓಡಾಟ. ಒಬ್ಬರ ಮೇಲೊಬ್ಬರು ಹತ್ತುವುದು, ಕೂದಲು ಕೀಳುವುದು ಇಷ್ಟೆಲ್ಲ ಇರುವುದೇ, ಕಚ್ಚಿ ಹಿಡಿದು ಉರುಳಾಡಿದರೆ ಮಾತ್ರ ಬಿಡಿಸಬೇಕು. ದಿನಕ್ಕೆ ಇಪ್ಪತ್ತು ನಿಮಿಷ, ಆಮೇಲೆ ಅರ್ಧ ಗಂಟೆ, ಒಂದು ಗಂಟೆ. ಒಂಬತ್ತನೆಯ ದಿನ ಬೆಳ್ಳಿ ಓಡುವುದನ್ನು ನಿಲ್ಲಿಸಿ ಗುಂಡನ ಮುಂದೆ ತಲೆ ತಗ್ಗಿಸಿ, ನೆಲಕ್ಕೆ ಗದ್ದ ಊರಿ ಕೂತಳು. ಮೊಲಗಳಲ್ಲಿ ಅದು ನನ್ನ ತಲೆ ನೇವರಿಸು ಎಂದು ಕೇಳುವ ರೀತಿ. ಗುಂಡ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಅವಳ ಹಣೆ, ಕಣ್ಣಿನ ಅಂಚು, ಕಿವಿಯ ಬುಡ, ಒಂದೊಂದನ್ನೂ ನೆಕ್ಕಿದ. ನಾನು ಟವೆಲ್ ಕೆಳಗಿಟ್ಟೆ. ಅಜ್ಜಿ ಬಾಗಿಲ ಸಂದಿಯಿಂದ ನೋಡುತ್ತಿದ್ದವರು, "ಅಂತೂ ಒಲಿದ್ಲು ನೋಡು ತಾಯಿ" ಎಂದರು.

ಎರಡು ಮೊಲಕ್ಕೆ ಎರಡರಷ್ಟು ಕೆಲಸವೇ ಎಂದು ಕೇಳುತ್ತಾರೆ. ಇಲ್ಲ. ಗುಡಿಸುವುದು ಒಂದೇ ಸಲ, ಹುಲ್ಲು ಹಾಕುವುದು ಒಂದೇ ಸಲ. ಖರ್ಚು ಮಾತ್ರ ಹೆಚ್ಚು, ಅದರಲ್ಲೂ ಡಾಕ್ಟರ ಖರ್ಚು. ಅವುಗಳ ಆಯುಸ್ಸು ಎಂಟರಿಂದ ಹನ್ನೆರಡು ವರ್ಷ, ಇವತ್ತು ಐದನೇ ಕ್ಲಾಸಿನಲ್ಲಿರುವ ಹುಡುಗಿ ಡಿಗ್ರಿ ಮುಗಿಸುವವರೆಗೂ ಇರುತ್ತವೆ. ಜಾಗ ಎಷ್ಟು ಬೇಕು ಎಂದರೆ, ಬ್ರಿಟನ್ನಿನ ಮೊಲಪ್ರಿಯರ ಸಂಸ್ಥೆ ಒಂದು ಜೋಡಿಗೆ 3 ಮೀಟರ್ ಉದ್ದ, 2 ಮೀಟರ್ ಅಗಲ ಎನ್ನುತ್ತದೆ. ಅಂದರೆ ನಮ್ಮ ರಾಜಾಜಿನಗರದ ಹಳೆಯ ಮನೆಗಳ ಯುಟಿಲಿಟಿಗಿಂತ ಸ್ವಲ್ಪ ದೊಡ್ಡದು. ಯುಟಿಲಿಟಿಯ ಬಾಗಿಲು ತೆರೆದು ಅಡುಗೆಮನೆಯ ನೆಲವನ್ನೂ ಬಿಟ್ಟುಕೊಟ್ಟರೆ ಸರಿಹೋಗುತ್ತದೆ. ತಂತಿ ತಳದ ಪಂಜರ ಮಾತ್ರ ಬೇಡವೇ ಬೇಡ. ನಾಯಿಗಿರುವಂತೆ ಮೊಲದ ಅಂಗಾಲಿಗೆ ಮೆತ್ತೆ ಇಲ್ಲ, ಬರೀ ಕೂದಲು. ತಂತಿಯ ಮೇಲೆ ನಿಂತು ನಿಂತು ಹುಣ್ಣಾಗುತ್ತದೆ. ತಾರಸಿಯ ಶೀಟಿನ ಕೆಳಗೂ ಬೇಡ. 2016ರ ಏಪ್ರಿಲ್‌ನಲ್ಲಿ ನಮ್ಮ ಬೆಂಗಳೂರಿನಲ್ಲೇ 39.2 ಡಿಗ್ರಿ ಮುಟ್ಟಿತ್ತು. ಬೆವರಲು ಬಾರದ, ಕಿವಿಯಿಂದಲೇ ಬಿಸಿ ಕಳೆಯಬೇಕಾದ ಪ್ರಾಣಿ ಇದು, 30 ಡಿಗ್ರಿಗೇ ಏದುಸಿರು ಬಿಡುತ್ತದೆ.

ಊಟದ ಮುಖ್ಯಪಾಲು ಹುಲ್ಲು. ಅದರ 28 ಹಲ್ಲೂ ಸಾಯುವವರೆಗೆ ಬೆಳೆಯುತ್ತಲೇ ಇರುತ್ತವೆ, ಹುಲ್ಲು ಅಗಿದೇ ಸವೆಯಬೇಕು. ಕೆಂಗೇರಿ ಕಡೆ ಹಸು ಕಟ್ಟಿದವರ ಹತ್ತಿರ ಸೀಮೆಹುಲ್ಲು ಸಿಗುತ್ತದೆ, ಅಂಗಡಿಯಲ್ಲಿ ಟಿಮೋಥಿ ಒಣಹುಲ್ಲು ಪ್ಯಾಕೆಟಿನಲ್ಲಿ ಬರುತ್ತದೆ. ದೇವಸ್ಥಾನದ ಮುಂದೆ ಮಾರುವ ಗರಿಕೆಯನ್ನು ತೊಳೆದು ಕೊಟ್ಟರೆ ಅದಕ್ಕಿಂತ ಹಬ್ಬ ಬೇರೆ ಇಲ್ಲ. ಕ್ಯಾರೆಟ್ ಬೆರಳಿನಷ್ಟು ಸಾಕು, ಅದು ಅವಕ್ಕೆ ಸಿಹಿತಿಂಡಿ. ಹನ್ನೆರಡು ಗಂಟೆ ಏನೂ ತಿನ್ನದಿದ್ದರೆ ಬೆಳಗಾಗಲಿ ಎಂದು ಕಾಯದೆ ಡಾಕ್ಟರ ಹತ್ತಿರ ಓಡಿ.

ಇಡೀ ದಿನ ಮನೆಯಲ್ಲೇ ಇರುವವರು, ಮೊಲವನ್ನು ಪಂಜರಕ್ಕೆ ಹಾಕದೆ ಕಾಲಬುಡದಲ್ಲೇ ಇಟ್ಟುಕೊಂಡು ಮಾತಾಡಿಸುತ್ತ ಇರುವವರು ಒಂದನ್ನೇ ಸಾಕಿದ್ದಾರೆ. ಅವರನ್ನು ನಾನು ತಪ್ಪು ಎನ್ನಲಾರೆ. ಆದರೆ ಮೊಲ ಚುರುಕಾಗುವುದು ನಸುಕು, ಮುಸ್ಸಂಜೆ ಮತ್ತು ರಾತ್ರಿ. ರಾತ್ರಿ ಎರಡು ಗಂಟೆಗೆ ನಾವು ಯಾರೂ ಎದ್ದಿರುವುದಿಲ್ಲ. ದೀಪಾವಳಿಯಲ್ಲಂತೂ ನನಗೆ ಇದು ಚೆನ್ನಾಗಿ ಅರ್ಥವಾಯಿತು. ಗುಂಡ ಒಂಟಿಯಾಗಿದ್ದ ವರ್ಷ ಪಟಾಕಿ ಸದ್ದಿಗೆ ಎರಡು ದಿನ ಹುಲ್ಲು ಮುಟ್ಟಿರಲಿಲ್ಲ. ಬೆಳ್ಳಿ ಬಂದಮೇಲಿನ ದೀಪಾವಳಿಗಳಲ್ಲಿ ಇಬ್ಬರೂ ರಟ್ಟಿನ ಡಬ್ಬದೊಳಗೆ ಪಕ್ಕೆಗೆ ಪಕ್ಕೆ ಒತ್ತಿ ಕೂತಿರುತ್ತಿದ್ದರು. ಆಟಂಬಾಂಬ್ ಸಿಡಿದಾಗ ನಾಲ್ಕೂ ಕಿವಿ ಒಟ್ಟಿಗೆ ಹಿಂದಕ್ಕೆ ಮಲಗುವುದು, ಸದ್ದು ನಿಂತಮೇಲೆ ಒಬ್ಬರು ಹುಲ್ಲಿಗೆ ಬಾಯಿ ಹಾಕಿದರೆ ಇನ್ನೊಬ್ಬರೂ ಹಾಕುವುದು.

ಆಷಾಢದಲ್ಲಿ ಗುಂಡ ತೀರಿಕೊಂಡ. ಎಂಟು ವರ್ಷ, ವಯಸ್ಸಾಗಿತ್ತು. ಡಾಕ್ಟರು ಹೇಳಿದ್ದರಿಂದ ಅವನ ದೇಹವನ್ನು ತಕ್ಷಣ ಒಯ್ಯದೆ ಬೆಳ್ಳಿಯ ಪಕ್ಕದಲ್ಲೇ ಮಲಗಿಸಿದೆವು. ಸಂಗಾತಿ ಏಕಾಏಕಿ ಮಾಯವಾದರೆ ಹುಡುಕುತ್ತಲೇ ಇರುತ್ತವಂತೆ. ಬೆಳ್ಳಿ ಮೂಸಿದಳು. ಬಿಳಿ ತುದಿಯ ಆ ಕಿವಿಯನ್ನು ನೆಕ್ಕಿದಳು. ಅವನ ಮುಂದೆ ತಲೆ ತಗ್ಗಿಸಿ ಗದ್ದ ನೆಲಕ್ಕೂರಿ ಬಹಳ ಹೊತ್ತು ಕೂತಳು. ಆಮೇಲೆ ತಾನಾಗಿಯೇ ಎದ್ದು ದೂರ ಹೋದಳು. ಮೂರು ದಿನ ಕೈಯಲ್ಲಿ ಹಿಡಿದು ತಿನ್ನಿಸಬೇಕಾಯಿತು. ನಾಲ್ಕನೆಯ ದಿನ ಬೆಳಿಗ್ಗೆ ಯುಟಿಲಿಟಿಯ ದೀಪ ಹಾಕಿದಾಗ ಅವಳು ಸ್ಟೀಲ್ ಕೊಡಕ್ಕೆ ಒರಗಿ ಮಲಗಿದ್ದಳು.

ಹೀಗೆ ಒಂದೋ ಎರಡೋ ಎಂಬ ಪ್ರಶ್ನೆ ಎಂಟು ವರ್ಷದ ಮೇಲೆ ಮತ್ತೆ ನಮ್ಮ ಮನೆಗೇ ಬಂದಿದೆ. ಬೆಳ್ಳಿಗೆ ಏಳು ವರ್ಷ. ಈ ಸಲ ನಾವು ಅಂಗಡಿಗೆ ಹೋಗಲಿಲ್ಲ. 2018ರ ಸಾಕುಪ್ರಾಣಿ ಅಂಗಡಿ ನಿಯಮಗಳ ಪ್ರಕಾರ ಅಂಗಡಿಗಳು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು, ಹೋಗುವವರು ಅದನ್ನು ಕೇಳಿಯೇ ಕೊಳ್ಳಿ. ನಾವು ಡಾಕ್ಟರನ್ನೇ ಕೇಳಿದೆವು. ಕೆಂಗೇರಿ ಉಪನಗರದಲ್ಲಿ ಒಂದು ಮನೆ, ಅಲ್ಲಿ ಆರು ವರ್ಷದ ಕಂದು ಗಂಡು, ಆಪರೇಷನ್ ಆಗಿದೆ, ಅದರ ಜೊತೆಯದು ಹೋದ ತಿಂಗಳು ತೀರಿಕೊಂಡಿದೆ, ಅದೂ ಊಟ ಬಿಟ್ಟು ಕೂತಿದೆ ಎಂದರು. ಆ ಮನೆಯವರ ಜೊತೆ ಮಾತಾಡಿದೆ. ಕಳಿಸುವುದಕ್ಕೆ ಅವರಿಗೆ ಕಷ್ಟ, ಕಳಿಸದೆ ನೋಡುವುದಕ್ಕೂ ಕಷ್ಟ. ಕೊನೆಗೆ ಒಪ್ಪಿದರು.

ಶನಿವಾರ ಸಂಜೆ ಬಿಸಿಲಿಳಿದ ಮೇಲೆ ಆಟೋದಲ್ಲಿ ಹೋಗಿ ಕರೆತರುತ್ತೇವೆ. ಅದು ಮಲಗುತ್ತಿದ್ದ ಬಟ್ಟೆಯ ಒಂದು ತುಂಡು ಈಗಾಗಲೇ ಬಂದಿದೆ, ಬೆಳ್ಳಿಯ ಹುಲ್ಲಿನ ಪಕ್ಕ ಇಟ್ಟಿದ್ದೇನೆ. ಮೊದಲ ದಿನ ಕಾಲು ಬಡಿದಳು, ಈಗ ಅದರ ಮೇಲೆ ಗದ್ದ ಇಟ್ಟು ಕೂರುತ್ತಾಳೆ. ಮಹಡಿಯ ಅಜ್ಜಿ ಬಚ್ಚಲುಮನೆಯನ್ನು ತೊಳೆಸಿ ಒಣಗಿಸಿಟ್ಟಿದ್ದಾರೆ, ಅದೇ ಜಮಖಾನವನ್ನು ಒಗೆದು ತಾರಸಿಯಲ್ಲಿ ಹರವಿದ್ದೇನೆ. ಭಾನುವಾರ ಹತ್ತು ಗಂಟೆಗೆ ಆ ಹುಡುಗಿ ಅಪ್ಪ ಅಮ್ಮನ ಜೊತೆ ಬರುತ್ತಾಳೆ. ಬಾಗಿಲ ಸಂದಿಯಲ್ಲಿ, ಅಜ್ಜಿಯ ಪಕ್ಕದಲ್ಲಿ, ಅವಳಿಗೂ ಒಂದು ಮಣೆ ಹಾಕಿಸಿದ್ದೇನೆ.